ಚರ್ಚ್ ನಡೆಸುವ ಬೀದಿ ಮಕ್ಕಳ ಧಾಮಕ್ಕೆ ಭೇಟಿ: ಮೈಸೂರು ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಹಿರಿಯರ ತಿಥಿ, ಮಗುವಿನ ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ ಬಂದಾಗ ಯಾವುದಾದರೂ ಧಾಮದಲ್ಲಿ ಒಂದು ಹೊತ್ತಿನ ಊಟ ಹಾಕಿಸುವ ರೂಢಿ ಮೈಸೂರು, ಮಂಡ್ಯದ ಕಡೆಯ ಅನೇಕ ಮನೆಗಳಲ್ಲಿದೆ. ಚರ್ಚ್‌ಗಳು ನಡೆಸುವ ಬೀದಿ ಮಕ್ಕಳ ಧಾಮಗಳಿಗೂ ಎಲ್ಲ ಧರ್ಮದವರು ಹೀಗೆ ಹೋಗುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಹೋಗುವ ದಿನ, ಹೊತ್ತು, ಊಟದ ಬಗೆ, ಕೊಡುವ ವಸ್ತು, ಕೊನೆಯಲ್ಲಿ ತೆಗೆಸಿಕೊಳ್ಳುವ ಫೋಟೊ, ಎಲ್ಲವೂ ಬರುವವರ ಅನುಕೂಲದಂತೆ ನಡೆದು, ಅಲ್ಲಿ ಬದುಕುವ ಮಕ್ಕಳ ದಿನಚರಿ ಪಕ್ಕಕ್ಕೆ ಸರಿಯುವುದೇ ಹೆಚ್ಚು. ಮಗುವಿನ ದಿನವನ್ನು ಮುಂದಿಟ್ಟುಕೊಂಡು ಭೇಟಿಗೆ ಹೇಗೆ ಸಿದ್ಧರಾಗಬೇಕು, ಒಳಗೆ ಹೇಗೆ ನಡೆದುಕೊಳ್ಳಬೇಕು, ಹಣ ಮತ್ತು ಕಾನೂನಿನ ವಿಷಯದಲ್ಲಿ ಏನನ್ನು ಗಮನಿಸಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಹಂತ 1: ಅಲ್ಲಿರುವ ಮಕ್ಕಳು ಯಾರೆಂದು ತಿಳಿದುಕೊಳ್ಳಿ

ಮೈಸೂರು ಅನೇಕ ರೈಲುಗಳಿಗೆ ಕೊನೆಯ ನಿಲ್ದಾಣ. ಮನೆಯಲ್ಲಿ ಜಗಳವಾಗಿಯೋ, ಕುಡುಕ ತಂದೆಯ ಹೊಡೆತ ತಾಳಲಾರದೆಯೋ, ಪರೀಕ್ಷೆಗೆ ಹೆದರಿಯೋ ಎಲ್ಲೋ ರೈಲು ಹತ್ತಿದ ಮಗು, ಎಲ್ಲರೂ ಇಳಿದಾಗ ತಾನೂ ಇಲ್ಲಿ ಇಳಿಯುತ್ತದೆ. ದಸರಾ ಹೊತ್ತಿನಲ್ಲಿ ಬಲೂನು, ಪೀಪಿ ಮಾರುವ ಕುಟುಂಬಗಳ ಜೊತೆ ಬಂದ ಮಕ್ಕಳು ಅರಮನೆಯ ಸುತ್ತಮುತ್ತ ಕಾಣಸಿಗುತ್ತಾರೆ. ದೇವರಾಜ ಮಾರುಕಟ್ಟೆ, ಗ್ರಾಮಾಂತರ ಬಸ್ ನಿಲ್ದಾಣ, ಚಾಮುಂಡಿ ಬೆಟ್ಟ, ನಂಜನಗೂಡಿನ ದೇವಸ್ಥಾನದ ಸುತ್ತ ಚಿಂದಿ ಆಯುವ, ಭಿಕ್ಷೆ ಬೇಡುವ ಮಕ್ಕಳೂ ಇರುತ್ತಾರೆ. ಮಂಡ್ಯದ ಕಡೆ ಕಬ್ಬು ಕಡಿಯಲು, ಇಟ್ಟಿಗೆ ಸುಡಲು ಊರಿಂದೂರಿಗೆ ಅಲೆಯುವ ಕುಟುಂಬಗಳ ಮಕ್ಕಳು ಮೊದಲು ಶಾಲೆ ಬಿಟ್ಟು, ಆಮೇಲೆ ಬೀದಿಗೆ ಬೀಳುವುದುಂಟು.

ಇವರಲ್ಲಿ ಹೆಚ್ಚಿನವರಿಗೆ ತಂದೆಯೋ, ತಾಯಿಯೋ, ಅಜ್ಜಿಯೋ ಎಲ್ಲೋ ಒಂದು ಕಡೆ ಇದ್ದಾರೆ. ಭೇಟಿಗೆ ಹೋಗುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಮೊದಲ ಸಂಗತಿ ಇದೇ. ತನಗೆ ಯಾರೂ ಇಲ್ಲವೆಂದು ಅತಿಥಿಗಳು ಮರುಗುವುದನ್ನು, ತಾಯಿಯ ಫೋನ್ ಕರೆಗೆ ಕಾಯುತ್ತಿರುವ ಮಗು ಕೇಳಿಸಿಕೊಳ್ಳುತ್ತಿರುತ್ತದೆ.

ಧಾಮಕ್ಕೆ ಮಗು ಬರುವುದು ಕಾನೂನಿನ ದಾರಿಯಲ್ಲಿ. ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ ಪ್ರಕಾರ ಬೀದಿಯಲ್ಲಿ ಸಿಕ್ಕ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುವ ಈ ಸಮಿತಿ ನ್ಯಾಯಪೀಠದಂತೆ ಕೆಲಸ ಮಾಡುತ್ತದೆ. ಮಗುವಿನ ಹಿನ್ನೆಲೆಯ ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು, ಮೊದಲ ಹಾಜರಾತಿಯಿಂದ ನಾಲ್ಕು ತಿಂಗಳೊಳಗೆ ಸಮಿತಿ ಅಂತಿಮ ಆದೇಶ ಕೊಡಬೇಕು. ಮನೆಗೆ ಮರಳಿಸುವುದು ಸಾಧ್ಯವಿದ್ದರೆ ಅದೇ ಮೊದಲ ಆಯ್ಕೆ, ಸಂಸ್ಥೆಯಲ್ಲಿ ಇರಿಸುವುದು ಕೊನೆಯದು. ಆದ್ದರಿಂದ ನೀವು ನೋಡಲು ಹೋಗುವ ಮಕ್ಕಳಲ್ಲಿ ಕೆಲವರು ಬಂದು ಎರಡೇ ದಿನವಾಗಿರಬಹುದು, ಇನ್ನು ಕೆಲವರು ಅಲ್ಲಿಯೇ ಇದ್ದು ಎಸ್ಸೆಸ್ಸೆಲ್ಸಿ ಓದುತ್ತಿರಬಹುದು. ಹೊಸದಾಗಿ ಬಂದ ಮಗು ನಿಮ್ಮ ಹತ್ತಿರ ಸುಳಿಯದೆ ಮೂಲೆಯಲ್ಲಿ ಕುಳಿತರೆ ಅದನ್ನು ಎಳೆದು ತಂದು ಆಟಕ್ಕೆ ಸೇರಿಸಬೇಡಿ.

ಹಂತ 2: ಧಾಮವನ್ನು ಹುಡುಕಿ, ನೋಂದಣಿ ನೋಡಿ

ಕ್ಯಾಥೋಲಿಕರ ಮೈಸೂರು ಧರ್ಮಪ್ರಾಂತ್ಯವು (ಒಬ್ಬ ಬಿಷಪ್‌ರ ಆಡಳಿತಕ್ಕೆ ಸೇರಿದ ಪ್ರದೇಶ) ಮೈಸೂರು, ಮಂಡ್ಯ, ಚಾಮರಾಜನಗರ ಮತ್ತು ಕೊಡಗು ಜಿಲ್ಲೆಗಳನ್ನು ಒಳಗೊಂಡಿದೆ. ಅದರ ಪ್ರಧಾನಾಲಯವೇ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಅಡಿಗಲ್ಲು ಹಾಕಿದ ಸಂತ ಫಿಲೋಮಿನಾ ಚರ್ಚ್. ಆದರೆ ಚರ್ಚ್ ನಡೆಸುವ ಧಾಮಗಳೆಲ್ಲ ಒಂದೇ ಆಡಳಿತದಡಿ ಇರುವುದಿಲ್ಲ. ಕೆಲವನ್ನು ಧರ್ಮಪ್ರಾಂತ್ಯವೇ ನಡೆಸಿದರೆ, ಕೆಲವನ್ನು ಗುರುಗಳ ಅಥವಾ ಸಿಸ್ಟರ್‌ಗಳ ಸಭೆಗಳು, ಅಂದರೆ ಸನ್ಯಾಸಿ ಸಂಘಗಳು, ನಡೆಸುತ್ತವೆ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಮತ್ತಿತರ ಪ್ರೊಟೆಸ್ಟೆಂಟ್ ಸಭೆಗಳಿಗೆ ಸೇರಿದವು ಬೇರೆ. ಬೀದಿ ಮಕ್ಕಳ ಕೆಲಸದಲ್ಲಿ ಸಲೇಸಿಯನ್ ಸಭೆಯ ಹೆಸರು ಹೆಚ್ಚಾಗಿ ಕೇಳಿಬರುತ್ತದೆ. ಇಟಲಿಯ ಟ್ಯೂರಿನ್ ನಗರದ ಕಾರ್ಖಾನೆ, ಬೀದಿಗಳಲ್ಲಿ ಅಲೆಯುತ್ತಿದ್ದ ಹುಡುಗರಿಗಾಗಿ ದುಡಿದ ಸಂತ ಜಾನ್ ಬಾಸ್ಕೊ (1815–1888) ಅದರ ಸ್ಥಾಪಕರು. ಶಿಕ್ಷೆಯಿಂದ ತಿದ್ದುವುದಕ್ಕಿಂತ ಒಡನಾಟದಿಂದ ತಪ್ಪನ್ನು ತಡೆಯುವುದು ಅವರ ಪದ್ಧತಿ. ಇಂಥ ಧಾಮಗಳಲ್ಲಿ ಫಾದರ್‌ಗಳು, ಬ್ರದರ್‌ಗಳು ಹುಡುಗರೊಂದಿಗೆ ಫುಟ್‌ಬಾಲ್ ಆಡುತ್ತಿದ್ದರೆ ಅದು ಬಿಡುವಿನ ಮೋಜಲ್ಲ, ಅವರ ಕೆಲಸದ ಭಾಗ.

ನಿಮ್ಮ ಬಡಾವಣೆಗೆ ಹತ್ತಿರದ ಧರ್ಮಕೇಂದ್ರದ (ಸ್ಥಳೀಯ ಚರ್ಚ್‌ನ) ಗುರುಗಳನ್ನು ಕೇಳಿದರೆ ಧಾಮಗಳ ಸುಳಿವು ಸಿಗುತ್ತದೆ. ಇನ್ನೂ ಖಚಿತವಾದ ದಾರಿಯೆಂದರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಡಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಜಿಲ್ಲೆಯಲ್ಲಿ ನೋಂದಣಿಯಾದ ಎಲ್ಲ ಮಕ್ಕಳ ಸಂಸ್ಥೆಗಳ ಪಟ್ಟಿ ಅಲ್ಲಿರುತ್ತದೆ.

ನೋಂದಣಿಯ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ, ಸರ್ಕಾರದ ಅನುದಾನ ಪಡೆಯಲಿ ಬಿಡಲಿ, ಪೋಷಣೆ ಮತ್ತು ರಕ್ಷಣೆ ಬೇಕಾದ ಮಕ್ಕಳನ್ನು ಇರಿಸಿಕೊಳ್ಳುವ ಪ್ರತಿಯೊಂದು ಸಂಸ್ಥೆಯೂ ನೋಂದಣಿ ಮಾಡಿಸಲೇಬೇಕು. ಪ್ರಮಾಣಪತ್ರದ ಅವಧಿ ಐದು ವರ್ಷ, ಆಮೇಲೆ ನವೀಕರಣ. ನೋಂದಣಿಯಿಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ ಆಗಬಹುದು. ಒಳ್ಳೆಯ ಧಾಮದ ಕಚೇರಿಯ ಗೋಡೆಯಲ್ಲಿ ಈ ಪ್ರಮಾಣಪತ್ರ ತೂಗಿರುತ್ತದೆ, ಕೇಳಿದವರ ಮೇಲೆ ಯಾರೂ ಮುನಿಯುವುದಿಲ್ಲ. ‘ಇದು ದೇವರ ಕೆಲಸ, ಕಾಗದ ಯಾಕೆ’ ಎನ್ನುವ ಉತ್ತರ ಬಂದರೆ, ಹೇಳಿದವರು ಯಾವ ಧರ್ಮದವರೇ ಆಗಿರಲಿ, ಊಟ ಹಾಕಿಸುವುದನ್ನು ನಿಲ್ಲಿಸಿ ರಕ್ಷಣಾ ಘಟಕಕ್ಕೆ ತಿಳಿಸುವುದು ಸರಿಯಾದ ಕ್ರಮ. ನೋಂದಾಯಿತ ಸಂಸ್ಥೆಗಳನ್ನು ತಪಾಸಣಾ ಸಮಿತಿಯು ಕನಿಷ್ಠ ಮೂರು ತಿಂಗಳಿಗೊಮ್ಮೆ ನೋಡಬೇಕೆಂದು ಕಾನೂನಿದೆ, ಆ ತಂಡದಲ್ಲಿ ಒಬ್ಬ ಮಹಿಳೆ ಮತ್ತು ಒಬ್ಬ ವೈದ್ಯಾಧಿಕಾರಿ ಇರಲೇಬೇಕು. ನೋಂದಣಿಯಿಲ್ಲದ ಕಡೆಯ ಮಕ್ಕಳಿಗೆ ಈ ಕಾವಲೂ ಇರುವುದಿಲ್ಲ.

ಹಂತ 3: ದಿನ ಮತ್ತು ಹೊತ್ತನ್ನು ಅವರಿಂದಲೇ ಕೇಳಿ

ಮೊದಲು ಕಚೇರಿಗೆ ಫೋನ್ ಮಾಡಿ. ಫೋನ್ ತೆಗೆಯುವವರು ಫಾದರ್ ಇರಬಹುದು, ಸಿಸ್ಟರ್ ಇರಬಹುದು, ಅಧೀಕ್ಷಕರು ಅಥವಾ ಸಮಾಜ ಕಾರ್ಯಕರ್ತರು ಇರಬಹುದು. ನಿಮ್ಮ ಹೆಸರು, ಬರುವವರ ಸಂಖ್ಯೆ, ಅವರಲ್ಲಿ ಮಕ್ಕಳೆಷ್ಟು, ಉದ್ದೇಶವೇನು ಎಂಬುದನ್ನು ಹೇಳಿ, ‘ಯಾವ ದಿನ ಬಂದರೆ ಮಕ್ಕಳಿಗೆ ತೊಂದರೆಯಾಗುವುದಿಲ್ಲ’ ಎಂದು ಕೇಳಿ. ಈ ಒಂದು ಪ್ರಶ್ನೆ ಕೇಳುವವರು ಎಷ್ಟು ಕಡಿಮೆಯೆಂದರೆ, ಕೇಳಿದ ಕೂಡಲೇ ಆ ಕಡೆಯ ಧ್ವನಿ ಬದಲಾಗುತ್ತದೆ.

ಶಾಲೆಯ ದಿನಗಳಲ್ಲಿ ಮಕ್ಕಳು ಸಂಜೆ ನಾಲ್ಕೂವರೆ, ಐದರ ಹೊತ್ತಿಗೆ ಮರಳಿ, ತಿಂಡಿ ತಿಂದು, ಆಡಿ, ಕೈಕಾಲು ತೊಳೆದು ಓದಿಗೆ ಕೂರುತ್ತಾರೆ. ಆ ಓದಿನ ಹೊತ್ತಿನಲ್ಲಿ ಕೇಕ್ ಹಿಡಿದು ಹೋದರೆ ಮಾರನೆಯ ದಿನದ ಹೋಂವರ್ಕ್ ಕೆಡುತ್ತದೆ, ಶಾಲೆಯಲ್ಲಿ ಬೈಗುಳ ತಿನ್ನುವವರು ಅವರು. ಭಾನುವಾರ ಬೆಳಿಗ್ಗೆ ಬಲಿಪೂಜೆ (ಚರ್ಚ್‌ನ ಆರಾಧನೆ), ಬಟ್ಟೆ ಒಗೆಯುವುದು, ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡುವುದು ಇರುತ್ತದೆ. ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನ ಅಥವಾ ಭಾನುವಾರ ಸಂಜೆಯ ಆಟದ ಹೊತ್ತು ಹೊಂದುತ್ತದೆ. ಫೆಬ್ರವರಿಯಿಂದ ಪರೀಕ್ಷೆ ಮುಗಿಯುವವರೆಗೆ ಹೋಗದಿರುವುದೇ ವಾಸಿ, ಹೋದರೂ ಪಾಠ ಹೇಳಿಕೊಡಲು ಮಾತ್ರ ಹೋಗಿ.

ಇನ್ನು ಮಹಾಲಯ ಅಮಾವಾಸ್ಯೆ, ಮಕ್ಕಳ ದಿನಾಚರಣೆಯ ನವೆಂಬರ್ 14, ಕ್ರಿಸ್ಮಸ್ ವಾರ, ಹೊಸ ವರ್ಷ ಮುಂತಾದ ದಿನಗಳಲ್ಲಿ ಧಾಮಗಳಿಗೆ ದಾನಿಗಳ ಕೊರತೆ ಇರುವುದಿಲ್ಲ. ಬೆಳಿಗ್ಗೆ ಒಬ್ಬರ ಕೇಸರಿಬಾತ್, ಮಧ್ಯಾಹ್ನ ಇನ್ನೊಬ್ಬರ ಹೋಳಿಗೆ, ಸಂಜೆ ಮತ್ತೊಬ್ಬರ ಕೇಕ್ ಎಂದು ಮಕ್ಕಳು ಹೊಟ್ಟೆ ಕೆಡಿಸಿಕೊಳ್ಳುವುದೂ ಉಂಟು. ಜೂನ್‌ನಲ್ಲಿ ಶಾಲೆ ತೆರೆದ ವಾರ, ಜುಲೈ, ಆಗಸ್ಟ್‌ನ ಮಳೆಗಾಲ, ಜನವರಿಯ ಕೊನೆ, ಇವು ಬಾಗಿಲು ತಟ್ಟುವವರಿಲ್ಲದ ದಿನಗಳು. ನಿಮ್ಮ ಮನೆಯ ಸಂದರ್ಭ ಡಿಸೆಂಬರ್ 25ರ ಆಸುಪಾಸಿನಲ್ಲೇ ಬಂದರೆ ಆ ಹಣವನ್ನು ಅಂದೇ ಕಟ್ಟಿ, ಊಟವನ್ನು ಜುಲೈಗೆ ಹಾಕಿಸಿ ಎನ್ನಬಹುದು. ಪಿತೃಗಳು ತಿಂಗಳು ನೋಡಿ ಮುನಿಯುತ್ತಾರೆಂದು ನನಗಂತೂ ಅನಿಸುವುದಿಲ್ಲ.

ಗುಂಪು ಐದಾರು ಜನರನ್ನು ಮೀರದಿರಲಿ. ಗುರುತಿನ ಚೀಟಿ ಒಯ್ಯಿರಿ. ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕ ಧಾಮಗಳಿರುತ್ತವೆ. ಹುಡುಗಿಯರ ಧಾಮಕ್ಕೆ ಹೋಗುವ ಗುಂಪಿನಲ್ಲಿ ಹೆಂಗಸರು ಇರಲಿ, ಗಂಡಸರನ್ನು ಮುಂದಿನ ಕೋಣೆಯಲ್ಲೇ ಕೂರಿಸಿದರೆ ಅವಮಾನವೆಂದು ತಿಳಿಯಬೇಡಿ. ನೆಗಡಿ, ಕೆಂಗಣ್ಣು, ಅಮ್ಮ ಎದ್ದ ಮಗು ಮನೆಯಲ್ಲಿದ್ದರೆ ಭೇಟಿಯನ್ನು ಮುಂದೂಡಿ, ಏಕೆಂದರೆ ಸಾಲುಹಾಸಿಗೆಯ ಕೋಣೆಯಲ್ಲಿ ಒಬ್ಬರಿಗೆ ಬಂದದ್ದು ವಾರದಲ್ಲಿ ಎಲ್ಲರಿಗೂ ಹರಡುತ್ತದೆ.

ಹಂತ 4: ಏನು ಒಯ್ಯಬೇಕು

ಕೇಳದೆ ಏನನ್ನೂ ಒಯ್ಯಬೇಡಿ. ಸರ್ಕಾರಿ ಶಾಲೆಗೆ ಹೋಗುವ ಮಗುವಿಗೆ ಪಠ್ಯಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಬಿಸಿಯೂಟ, ಕ್ಷೀರಭಾಗ್ಯದ ಹಾಲು ಶಾಲೆಯಲ್ಲೇ ಸಿಗುತ್ತವೆ. ಕೊರತೆ ಬೀಳುವುದು ಯಾರಿಗೂ ನೆನಪಾಗದ ವಸ್ತುಗಳಿಗೆ: ನೋಟ್‌ಬುಕ್, ಜಾಮಿಟ್ರಿ ಬಾಕ್ಸ್, ಒಳಉಡುಪು, ಟವೆಲ್, ಹೊದಿಕೆ, ಸೊಳ್ಳೆ ಪರದೆ, ಬಕೆಟ್, ಸೋಪು, ಕೊಬ್ಬರಿ ಎಣ್ಣೆ, ಹೇನಿನ ಬಾಚಣಿಗೆ, ಹವಾಯಿ ಚಪ್ಪಲಿ, ಹುಡುಗಿಯರ ಧಾಮವಾದರೆ ಸ್ಯಾನಿಟರಿ ಪ್ಯಾಡ್. ಚಪ್ಪಲಿಯ ಅಳತೆಗಳನ್ನು ಕೇಳಿ ಬರೆದುಕೊಂಡರೆ ದೇವರಾಜ ಅರಸು ರಸ್ತೆಯಲ್ಲೋ ಶಿವರಾಂಪೇಟೆಯಲ್ಲೋ ಒಂದೇ ಸುತ್ತಿಗೆ ತರಬಹುದು. ಕಚೇರಿಯವರು ‘ಈ ತಿಂಗಳ ಗ್ಯಾಸ್ ಸಿಲಿಂಡರ್ ಕೊಡಿಸಿ’ ಎಂದರೆ ಬೇಸರ ಬೇಡ. ಆ ತಿಂಗಳ ಅಡುಗೆಯೆಲ್ಲ ಅದರ ಮೇಲೆಯೇ ನಿಂತಿರುತ್ತದೆ.

ಹಳೆಯ ಬಟ್ಟೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗುಂಡಿ ಕಿತ್ತ, ಜಿಪ್ ಹೋದ, ಮಾಸಿದ ಬಟ್ಟೆಯ ಮೂಟೆಯನ್ನು ಬಿಚ್ಚಿ ವಿಂಗಡಿಸಿ ಎಸೆಯುವ ಕೆಲಸ ಮೊದಲೇ ಕೈ ತುಂಬಿರುವ ಸಿಬ್ಬಂದಿಯ ಮೇಲೆ ಬೀಳುತ್ತದೆ. ನಿಮ್ಮ ಮಗುವಿಗೆ ನಾಳೆ ಹಾಕಿ ಮದುವೆಮನೆಗೆ ಕರೆದೊಯ್ಯಬಹುದಾದ ಬಟ್ಟೆಯಾದರೆ ಒಗೆದು, ಇಸ್ತ್ರಿ ಮಾಡಿ, ವಯಸ್ಸು ಬರೆದು ಕೊಡಿ. ಒಳಉಡುಪು ಮಾತ್ರ ಯಾವತ್ತೂ ಹೊಸದೇ.

ಕೆಲವು ವಸ್ತುಗಳು ಗೇಟಿನೊಳಗೆ ಹೋಗಲೇಬಾರದು. ಬೀದಿಯಲ್ಲಿದ್ದಾಗ ವೈಟ್‌ನರ್, ಪಂಕ್ಚರ್ ಸೊಲ್ಯೂಷನ್, ಥಿನ್ನರ್ ಮೂಸುವ ಚಟಕ್ಕೆ ಬಿದ್ದ ಮಕ್ಕಳು ಧಾಮಗಳಲ್ಲಿ ಇರುತ್ತಾರೆ, ಆ ಚಟದಿಂದ ಹೊರಬರಲು ಅವರು ಪಡುವ ಪಾಡು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಕರಕುಶಲ ಕಲಿಸುವ ಉತ್ಸಾಹದಲ್ಲಿ ವಾಸನೆಯ ಅಂಟು, ಆಯಿಲ್ ಪೇಂಟ್, ಉಗುರುಬಣ್ಣ ಅಳಿಸುವ ದ್ರಾವಣ, ಗಾಢ ವಾಸನೆಯ ಮಾರ್ಕರ್ ಒಯ್ಯಬೇಡಿ. ನೀರಿನಲ್ಲಿ ಕರಗುವ ಬಣ್ಣ, ಮೈದಾ ಅಂಟು, ಮೇಣದ ಕ್ರೆಯಾನ್ ಸಾಕು. ನಿಮ್ಮ ಜೇಬಿನ ಸಿಗರೇಟು, ಬೆಂಕಿಪೊಟ್ಟಣ, ಗುಟ್ಕಾ ವಾಹನದಲ್ಲೇ ಉಳಿಯಲಿ. ಯಾವುದೇ ಮಗುವಿನ ಕೈಗೆ ಗುಟ್ಟಾಗಿ ನೂರು ರೂಪಾಯಿ ತುರುಕಬೇಡಿ. ಆ ನೋಟು ರಾತ್ರಿ ಜಗಳಕ್ಕೂ, ಕೆಲವೊಮ್ಮೆ ಬೆಳಗಿನ ಜಾವ ಗೋಡೆ ಹಾರುವುದಕ್ಕೂ ಕಾರಣವಾಗಬಹುದು.

ಊಟದ ವಿಷಯದಲ್ಲಿ ಉತ್ತಮವಾದದ್ದು ಧಾಮದ ಅಡುಗೆಮನೆಗೆ ಸಾಮಾನು ಕೊಟ್ಟು ಅಲ್ಲಿಯೇ ಬೇಯಿಸುವುದು. ಹೊರಗಿನಿಂದ ತರುವುದಾದರೆ ಅಂದೇ ಮಾಡಿದ ಅಡುಗೆ ಬೇಕು. ಮದುವೆ ಛತ್ರದಲ್ಲಿ ಉಳಿದದ್ದನ್ನು ಮಧ್ಯಾಹ್ನ ಮೂರಕ್ಕೆ ಫೋನ್ ಮಾಡಿ ಸಾಗಿಸುವುದನ್ನು ಅನ್ನದಾನ ಎನ್ನಲಾಗದು, ಅನೇಕ ಧಾಮಗಳು ಅದನ್ನು ನಿರಾಕರಿಸುವುದೂ ಸರಿಯೇ. ಅಡುಗೆ ಯಾವುದಿರಲಿ ಎಂದು ಕೇಳಿ. ಭಾನುವಾರ ಕೋಳಿ ಸಾರು ಮಾಡುವ ಧಾಮದಲ್ಲಿ ನೀವು ಅಂದೇ ಕೋಸಂಬರಿ, ಹುಳಿ ಬಡಿಸಿದರೆ ಹುಡುಗರ ಮುಖ ಸಪ್ಪಗಾಗುವುದು ಸಹಜ. ನೀವು ಸಸ್ಯಾಹಾರಿಗಳಾದರೆ ವಾರದ ಬೇರೊಂದು ದಿನವನ್ನು ಆರಿಸಿಕೊಳ್ಳಿ. ಹಣ್ಣು ಯಾವ ದಿನಕ್ಕೂ ಸಲ್ಲುತ್ತದೆ. ಮಂಡ್ಯದ ಬೆಲ್ಲ ಹಾಕಿದ ಕಡಲೆಮಿಠಾಯಿ ಚಾಕೊಲೇಟಿಗಿಂತ ಹಿತವೂ ಹೌದು, ಅಗ್ಗವೂ ಹೌದು.

ಹಂತ 5: ಗೇಟು ದಾಟಿದ ಮೇಲೆ

ಸಂದರ್ಶಕರ ಪುಸ್ತಕದಲ್ಲಿ ಹೆಸರು, ವಿಳಾಸ, ಹೊತ್ತು ಬರೆದು ಸಹಿ ಹಾಕಿ. ಮಲಗುವ ಕೋಣೆ, ಸ್ನಾನದ ಮನೆಯ ಕಡೆ ಸಿಬ್ಬಂದಿ ಕರೆಯದೆ ಹೋಗಬೇಡಿ. ಒಂದು ಮಗುವಿನೊಂದಿಗೆ ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಇರುವ ಸನ್ನಿವೇಶ ಬರದಂತೆ ನೋಡಿಕೊಳ್ಳಿ. ಪ್ರೀತಿಯಿಂದಾದರೂ ಎತ್ತಿಕೊಳ್ಳುವುದು, ಅಪ್ಪಿಕೊಳ್ಳುವುದು, ಕೆನ್ನೆ ಹಿಂಡುವುದು ಬೇಡ. ಹೊಡೆತ ಮತ್ತು ಅದಕ್ಕಿಂತ ಕೆಟ್ಟದ್ದನ್ನು ಕಂಡ ಮೈಗೆ ಅಪರಿಚಿತರ ಕೈ ಯಾವ ನೆನಪನ್ನು ಎಬ್ಬಿಸುತ್ತದೆಂದು ಹೇಳಲಾಗದು. ಮಗು ತಾನಾಗಿ ಬಂದು ಕೈ ಹಿಡಿದರೆ ಬಿಡಿಸಿಕೊಳ್ಳಬೇಕಾಗಿಲ್ಲ.

ಪ್ರಾರ್ಥನೆಯ ಹೊತ್ತಾದರೆ ಸುಮ್ಮನೆ ಎದ್ದು ನಿಂತರೆ ಸಾಕು, ಶಿಲುಬೆಯ ಗುರುತು ಹಾಕಬೇಕೆಂದು ಯಾರೂ ಒತ್ತಾಯಿಸುವುದಿಲ್ಲ. ಮಕ್ಕಳ ಧರ್ಮ ಯಾವುದು, ಅವರಿಗೆ ಏನು ಕಲಿಸುತ್ತಾರೆ ಎಂಬ ಸಂದೇಹವಿದ್ದರೆ ಕಚೇರಿಯಲ್ಲಿ ಕುಳಿತು ಅಧೀಕ್ಷಕರನ್ನು ನೇರವಾಗಿ ಕೇಳಿ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆಟದ ಮೈದಾನದಲ್ಲಿ ಎಂಟು ವರ್ಷದ ಹುಡುಗನನ್ನು ಹಿಡಿದು ‘ನೀನು ಯಾವ ಜಾತಿ, ನಿನ್ನನ್ನು ಕ್ರಿಶ್ಚಿಯನ್ ಮಾಡಿದ್ದಾರಾ’ ಎಂದು ವಿಚಾರಿಸುವುದು ತಪ್ಪು. ಹಾಗೆಯೇ ನಿಮ್ಮ ಗುರುಗಳ, ಪೀಠದ, ಸಭೆಯ ಪುಸ್ತಕಗಳನ್ನು ಹಂಚುವುದೂ ತಪ್ಪು.

ಮಾತಿಗೆ ತೊಡಗುವಾಗ ‘ಯಾಕೆ ಮನೆ ಬಿಟ್ಟೆ’, ‘ಅಪ್ಪ ಅಮ್ಮ ಎಲ್ಲಿ’, ‘ಏನು ಕದ್ದೆ’ ಎಂಬ ಪ್ರಶ್ನೆಗಳನ್ನು ಬಿಟ್ಟುಬಿಡಿ. ಆ ಕಥೆಯನ್ನು ಮಗು ಪೊಲೀಸರಿಗೆ, ಸಮಿತಿಗೆ, ಆಪ್ತ ಸಮಾಲೋಚಕರಿಗೆ ಈಗಾಗಲೇ ಹೇಳಿ ದಣಿದಿರುತ್ತದೆ. ಯಾವ ಆಟ ಇಷ್ಟ, ಕಬಡ್ಡಿಯಲ್ಲಿ ರೈಡ್ ಮಾಡುವವರು ಯಾರು, ಇವತ್ತು ಶಾಲೆಯಲ್ಲಿ ಏನಾಯಿತು, ಸಾಂಬಾರಿಗೆ ಹೆಸರಿಟ್ಟಿದ್ದೀರಾ ಎಂದು ಕೇಳಿದರೆ ನಗೆ ಹೊರಡುತ್ತದೆ. ಮೈಸೂರಿನ ಧಾಮಗಳಲ್ಲಿ ಕನ್ನಡದ ಜೊತೆ ತಮಿಳು, ತೆಲುಗು, ಉರ್ದು, ಹಿಂದಿ ಆಡುವ ಮಕ್ಕಳಿರುತ್ತಾರೆ. ಅವರವರ ಮಾತಿನಲ್ಲಿ ನಾಲ್ಕು ನುಡಿ ಬಲ್ಲವರು ಗುಂಪಿನಲ್ಲಿದ್ದರೆ ಅದೇ ದೊಡ್ಡ ಉಡುಗೊರೆ. ಭಾಷಣ ಮಾಡಬೇಡಿ. ನೆಲದ ಮೇಲೆ ಕುಳಿತು ಚೌಕಾಬಾರ, ಕೇರಂ, ಅಳಗುಳಿಮಣೆ ಆಡಿ, ಸೋಲಲು ಸಿದ್ಧರಿರಿ. ಬೀದಿಯಲ್ಲಿ ಬದುಕಿದ ಮಕ್ಕಳ ಲೆಕ್ಕ ಚುರುಕು. ಬೇಕೆಂದೇ ಸೋಲುವವರನ್ನು ಅವರು ಮೊದಲ ಸುತ್ತಿನಲ್ಲೇ ಕಂಡುಹಿಡಿಯುತ್ತಾರೆ.

ನಿಮ್ಮ ಮಗುವಿನ ಹುಟ್ಟುಹಬ್ಬವನ್ನು ಅಲ್ಲಿ ಆಚರಿಸುವ ಬಗ್ಗೆ ನನಗೆ ಹಿಂಜರಿಕೆಯಿದೆ. ತನ್ನ ಹುಟ್ಟಿದ ದಿನವೇ ಗೊತ್ತಿಲ್ಲದ ಮಗು ಇನ್ನೊಂದು ಮಗು ಕೇಕ್ ಕತ್ತರಿಸಿ, ತಂದೆತಾಯಿ ಅದಕ್ಕೆ ತಿನ್ನಿಸುವುದನ್ನು ಸಾಲಿನಲ್ಲಿ ನಿಂತು ನೋಡಿ ಚಪ್ಪಾಳೆ ತಟ್ಟಬೇಕಾಗುತ್ತದೆ. ಆ ತಿಂಗಳು ಧಾಮದಲ್ಲಿ ಯಾರ ಯಾರ ಹುಟ್ಟುಹಬ್ಬವಿದೆ ಎಂದು ಕೇಳಿ, ಅವರ ಹೆಸರಿನಲ್ಲಿ ಕೇಕ್ ತಂದು, ನಿಮ್ಮ ಮಗು ಅತಿಥಿಯಾಗಿ ತಿನ್ನುವಂತೆ ಮಾಡಿದರೆ ಹಬ್ಬವೂ ಆಗುತ್ತದೆ, ನಿಮ್ಮ ಮಗುವಿಗೂ ಸರಿಯಾದ ಜಾಗ ಸಿಗುತ್ತದೆ. ಮನೆಯ ಮಕ್ಕಳನ್ನು ಕರೆದೊಯ್ಯುವ ಮೊದಲು, ‘ನೋಡು, ನಿನಗೆಷ್ಟು ಸೌಲಭ್ಯವಿದೆ’ ಎಂದು ಅಲ್ಲಿ ಹೇಳುವುದಿಲ್ಲವೆಂದು ನಿಮಗೆ ನೀವೇ ಮಾತು ಕೊಟ್ಟುಕೊಳ್ಳಿ.

ಒಂದೂವರೆ, ಎರಡು ಗಂಟೆ ಸಾಕು. ಹೊರಡುವಾಗ ‘ಮುಂದಿನ ವಾರ ಬರ್ತೀನಿ’ ಎಂಬ ಮಾತು ಬಾಯಿಗೆ ಬಂದರೂ, ಬರುವುದು ಖಚಿತವಿಲ್ಲದಿದ್ದರೆ ಆಡಬೇಡಿ. ಮಕ್ಕಳು ಭಾನುವಾರಗಳನ್ನು ಎಣಿಸುತ್ತಾರೆ.

ಹಂತ 6: ಫೋಟೊ

ಕಾಯ್ದೆಯ 74ನೇ ಸೆಕ್ಷನ್ ಇಂಥ ಮಕ್ಕಳ ಹೆಸರು, ವಿಳಾಸ, ಶಾಲೆ, ಚಿತ್ರ ಮೊದಲಾಗಿ ಗುರುತು ಹಿಡಿಯಬಹುದಾದ ಯಾವ ವಿವರವನ್ನೂ ಪತ್ರಿಕೆಯಲ್ಲಾಗಲಿ ಇತರ ಯಾವುದೇ ಸಂವಹನ ಮಾಧ್ಯಮದಲ್ಲಾಗಲಿ ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ಮೀರಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ವಾಟ್ಸ್ಆ್ಯಪ್ ಸ್ಟೇಟಸ್, ಫೇಸ್‌ಬುಕ್ ಲೈವ್, ಸಂಘದ ವಾರ್ಷಿಕ ವರದಿ ಇವೆಲ್ಲ ಅದರಲ್ಲಿ ಸೇರುತ್ತವೆ. ಕಾನೂನಿನ ಹಿಂದಿರುವ ಕಾರಣ ಸರಳವಾದದ್ದು: ಕೆಲವು ಮಕ್ಕಳನ್ನು ಭಿಕ್ಷೆಗೆ ಇಳಿಸಿದವರು, ಮಾರಿದವರು ಇನ್ನೂ ಹುಡುಕುತ್ತಿರುತ್ತಾರೆ, ಒಂದು ಚಿತ್ರ ಅವರಿಗೆ ದಾರಿ ತೋರಿಸುತ್ತದೆ. ಅಲ್ಲದೆ ಹತ್ತು ವರ್ಷದ ಬಳಿಕ ಕೆಲಸಕ್ಕೆ ಸೇರಿದ ಯುವಕನ ಮುಂದೆ ತಟ್ಟೆ ಹಿಡಿದು ನಿಂತ ಅವನ ಹಳೆಯ ಚಿತ್ರ ಬಂದು ನಿಲ್ಲಬಾರದು. ನೆನಪಿಗೆ ಬೇಕಾದರೆ ಕಟ್ಟಡದ, ತೋಟದ, ಮಕ್ಕಳು ಬರೆದ ಚಿತ್ರಗಳ ಫೋಟೊವನ್ನು ಅನುಮತಿ ಪಡೆದು, ಹೆಸರು ಕಾಣದಂತೆ ತೆಗೆಯಿರಿ. ಫೋಟೊ ಇಲ್ಲದೆ ದಾನ ಕೊಡುವುದಿಲ್ಲ ಎನ್ನುವ ಸಂಘಗಳೂ ಊರಿನಲ್ಲಿವೆ. ಅಂಥವರ ದಾನವನ್ನು ಬೇಡವೆನ್ನುವ ಧಾಮದ ಮೇಲೆ ನನಗೆ ಗೌರವ ಹೆಚ್ಚು.

ಹಂತ 7: ಮಗು ನೋವಿನ ಮಾತೊಂದನ್ನು ಹೇಳಿದರೆ

ಹೊರಗಿನವರೆಂಬ ಕಾರಣಕ್ಕೇ ಮಗು ನಿಮಗೆ ಏನನ್ನಾದರೂ ಹೇಳಬಹುದು: ಯಾರೋ ಹೊಡೆಯುತ್ತಾರೆ, ದೊಡ್ಡ ಹುಡುಗ ರಾತ್ರಿ ಪೀಡಿಸುತ್ತಾನೆ, ಯಾರೋ ಮೈ ಮುಟ್ಟುತ್ತಾರೆ. ಆಗ ಗಾಬರಿ ತೋರಿಸದೆ, ನಡುವೆ ಪ್ರಶ್ನೆ ಹಾಕದೆ, ಸುಳ್ಳಿರಬಹುದೆಂದು ತೂಗದೆ ಕೇಳಿಸಿಕೊಳ್ಳಿ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ, ಏಕೆಂದರೆ ಹೇಳುವುದು ನಿಮ್ಮ ಮೇಲಿರುವ ಕಾನೂನಿನ ಹೊಣೆ. ‘ನೀನು ಹೇಳಿದ್ದು ಒಳ್ಳೆಯದಾಯಿತು, ಇದನ್ನು ಸರಿಮಾಡಬಲ್ಲವರಿಗೆ ನಾನು ತಿಳಿಸುತ್ತೇನೆ’ ಎನ್ನಿ. ಹೊರಗೆ ಬಂದ ಕೂಡಲೇ ಮಗು ಆಡಿದ ಮಾತುಗಳನ್ನು ಅದೇ ಪದಗಳಲ್ಲಿ, ದಿನಾಂಕ ಮತ್ತು ಹೊತ್ತಿನೊಂದಿಗೆ ಬರೆದಿಡಿ.

ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ 2012ರ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅದನ್ನು ತಿಳಿದ ಯಾರೇ ಆಗಲಿ ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೆ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟರೆ ಶಿಕ್ಷೆ ಒಂದು ವರ್ಷದವರೆಗೆ ಹೋಗಬಹುದು. 1098 ಮಕ್ಕಳ ಸಹಾಯವಾಣಿಗೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು. ಆರೋಪ ಫಾದರ್, ಸಿಸ್ಟರ್ ಅಥವಾ ಸಿಬ್ಬಂದಿಯ ಮೇಲಿದ್ದರೆ ಧಾಮದ ಕಚೇರಿಯಲ್ಲೇ ಹೇಳಿ ಸುಮ್ಮನಾಗಬೇಡಿ, ನೇರವಾಗಿ 1098ಕ್ಕೆ, ಪೊಲೀಸರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ. ಪೂಜ್ಯರ ಮೇಲೆ ದೂರು ಹೇಗೆ ಕೊಡುವುದು ಎಂಬ ಅಳುಕು ಎಲ್ಲ ಧರ್ಮಗಳ ಸಂಸ್ಥೆಗಳಲ್ಲೂ ಮಕ್ಕಳಿಗೆ ಕೇಡು ಮಾಡಿದೆ. ತನಿಖೆ ನಿಮ್ಮ ಕೆಲಸವಲ್ಲ. ನಿಮ್ಮ ಕೆಲಸ ತಿಳಿಸುವುದು.

ಹಂತ 8: ಹಣ ಕೊಡುವ ಕ್ರಮ

ದೇಣಿಗೆಯನ್ನು ಸಂಸ್ಥೆಯ ಬ್ಯಾಂಕ್ ಖಾತೆಗೆ ಕೊಟ್ಟು ರಸೀದಿ ಪಡೆಯಿರಿ, ಯಾರದೇ ವೈಯಕ್ತಿಕ ಖಾತೆಗೆ ಬೇಡ. 80ಜಿ ಎಂದು ಕರೆಯುವ ಆದಾಯ ತೆರಿಗೆ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ ಸಿಗುತ್ತದೆ. 2,000 ರೂಪಾಯಿ ಮೀರಿದ ನಗದಿಗೂ, ಅಕ್ಕಿ, ಬಟ್ಟೆಯಂಥ ವಸ್ತುರೂಪದ ದಾನಕ್ಕೂ ಅದು ಅನ್ವಯಿಸುವುದಿಲ್ಲ. ವಿದೇಶದಲ್ಲಿರುವ ಮಗ, ಮಗಳು ಹಣ ಕಳಿಸುವುದಾದರೆ ಒಂದು ವ್ಯತ್ಯಾಸ ಗಮನಿಸಿ. ಭಾರತೀಯ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಾಗುವುದಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ವಿದೇಶಿ ಮೂಲವೇ. ಅವರ ಹಣವನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯಿರುವ ಸಂಸ್ಥೆ ಮಾತ್ರ, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ತನ್ನ ನಿಗದಿತ ಖಾತೆಯ ಮೂಲಕ ಪಡೆಯಬಹುದು. ಅಕ್ಕರೆಯಿಂದ ನಿಮ್ಮ ಖಾತೆಗೆ ತರಿಸಿಕೊಂಡು ದಾಟಿಸಲು ಹೋದರೆ ಧಾಮವೇ ತೊಡಕಿಗೆ ಸಿಲುಕುತ್ತದೆ.

ಹಂತ 9: ಹೋಗಿಬಂದ ಮೇಲೆ

ವರ್ಷಕ್ಕೊಮ್ಮೆ ದೊಡ್ಡದಾಗಿ ಹೋಗುವವರಿಗಿಂತ, ತಿಂಗಳಿಗೆ ಎರಡು ಶನಿವಾರ ಗಣಿತವೋ ಇಂಗ್ಲಿಷೋ ಹೇಳಿಕೊಡಲು ತಪ್ಪದೆ ಹೋಗುವವರು ಧಾಮಕ್ಕೆ ಬೇಕು. ಹೀಗೆ ನಿಯಮಿತವಾಗಿ ಹೋಗಲು ಬಯಸಿದರೆ ಸಂಸ್ಥೆ ನಿಮ್ಮಿಂದ ಪೊಲೀಸ್ ಪರಿಶೀಲನಾ ಪತ್ರವನ್ನೂ ಮಕ್ಕಳ ರಕ್ಷಣಾ ನಿಯಮಗಳಿಗೆ ಬದ್ಧರಾಗಿರುವ ಒಪ್ಪಿಗೆಯನ್ನೂ ಕೇಳಬಹುದು, ಕೇಳಬೇಕು ಕೂಡ. ಬರಲಾಗದ ಶನಿವಾರ ಮುಂಚೆಯೇ ಫೋನ್ ಮಾಡಿ ತಿಳಿಸಿ. ಮಕ್ಕಳನ್ನು ಮೃಗಾಲಯಕ್ಕೋ ಕಾರಂಜಿ ಕೆರೆಗೋ ಕರೆದೊಯ್ಯುವ ಆಸೆಯಿದ್ದರೆ ಖರ್ಚು ನಿಮ್ಮದಿರಲಿ, ಕರೆದೊಯ್ಯುವವರು ಸಿಬ್ಬಂದಿಯೇ ಆಗಿರಲಿ. ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ ಎಂಬುದೂ ನೆನಪಿರಲಿ. ಒಬ್ಬಿಬ್ಬರು ಮಕ್ಕಳನ್ನು ಹಬ್ಬಕ್ಕೆ ಮನೆಗೆ ಕಳಿಸಿ ಎಂದು ಕೇಳಬೇಡಿ. ಮಗು ಸಮಿತಿಯ ಆದೇಶದ ಮೇರೆಗೆ ಅಲ್ಲಿರುವುದರಿಂದ ಹಾಗೆ ಕಳಿಸುವ ಅಧಿಕಾರ ಫಾದರ್‌ಗೂ ಇಲ್ಲ. ದತ್ತು ಪಡೆಯುವ ಯೋಚನೆ ಬಂದರೆ ಅದರ ದಾರಿ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ ಪೋರ್ಟಲ್‌ನಲ್ಲಿ ನೋಂದಣಿ ಮಾತ್ರ. ನೋಡಿ ಇಷ್ಟಪಟ್ಟ ಮಗುವನ್ನು ಧಾಮದಿಂದ ನೇರವಾಗಿ ಪಡೆಯುವುದು ಅಪರಾಧ.

ಮಗುವೊಂದು ಮುಂದಿನ ಸಲ ಕಾಣದಿದ್ದರೆ ಅದು ಮನೆಗೆ ಮರಳಿರಬಹುದು, ಅದು ಧಾಮದ ಗೆಲುವು. ಊರು, ಫೋನ್ ಸಂಖ್ಯೆ ಕೇಳಬೇಡಿ. ಬಡತನದಿಂದ ಮತ್ತೆ ಬೀದಿಗೆ ಬೀಳದಂತೆ ನೋಡಿಕೊಳ್ಳಲು ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಅರ್ಹ ಕುಟುಂಬದ ಮಗುವಿಗೆ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವ ಇದೆ. ನಿಮ್ಮ ಮನೆಗೆಲಸದವರ, ಕಾರ್ಖಾನೆಯ ಕಾವಲುಗಾರರ ಕುಟುಂಬ ಅಂಥ ಸ್ಥಿತಿಯಲ್ಲಿದ್ದರೆ ಅವರನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕರೆದೊಯ್ದು ಅರ್ಜಿ ಹಾಕಿಸಿ.

ಅಂಗಡಿ, ಗ್ಯಾರೇಜ್, ಹೋಟೆಲ್ ಇಟ್ಟವರು ಧಾಮದಲ್ಲಿ ಚುರುಕು ಹುಡುಗನನ್ನು ಕಂಡಾಗ ‘ನಮ್ಮಲ್ಲಿಗೆ ಕಳಿಸಿ, ಕೆಲಸ ಕಲಿಯಲಿ’ ಎನ್ನುವುದುಂಟು. 14 ವರ್ಷದೊಳಗಿನವರನ್ನು ದುಡಿಸುವುದು, 18ರೊಳಗಿನವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವುದು ಕಾನೂನಿನಲ್ಲಿ ನಿಷಿದ್ಧ. ನಿಮ್ಮ ನೆರವು ನಿಜವಾಗಿ ಬೇಕಾಗುವುದು 18 ತುಂಬಿ ಧಾಮ ಬಿಡುವ ಹೊತ್ತಿನಲ್ಲಿ. ಬಾಲನ್ಯಾಯ ಕಾಯ್ದೆ 21 ವರ್ಷದವರೆಗೆ ನಂತರದ ಪಾಲನೆಗೆ ಅವಕಾಶ ಕೊಟ್ಟಿದ್ದರೂ ಬಾಡಿಗೆ ಕೋಣೆ, ಮುಂಗಡದ ಹಣ, ಮೊದಲ ಕೆಲಸ, ಜಾಮೀನು ಹಾಕುವವರು ಯಾರು ಎಂಬ ಪ್ರಶ್ನೆಗಳು ಒಟ್ಟಿಗೇ ಎದುರಾಗುತ್ತವೆ. ಹೆಬ್ಬಾಳ, ಹೂಟಗಳ್ಳಿ ಕಡೆಯ ಕೈಗಾರಿಕೆಯಲ್ಲಿ ಪರಿಚಯವಿರುವವರು ಐ.ಟಿ.ಐ. ಮುಗಿಸಿದ ಇಂಥ ಹುಡುಗರ ಪಟ್ಟಿಯನ್ನು ಧಾಮದಿಂದ ಕೇಳಿ ಪಡೆದು ಶಿಶಿಕ್ಷು (ಅಪ್ರೆಂಟಿಸ್) ತರಬೇತಿಗೆ ಸೇರಿಸಬಹುದು. ಕೆಲಸ ಕೊಟ್ಟವರು ಸಂಬಳವನ್ನು ಕನಿಷ್ಠ ವೇತನಕ್ಕೆ ಕಡಿಮೆಯಾಗದಂತೆ ಹುಡುಗನ ಹೆಸರಿನ ಬ್ಯಾಂಕ್ ಖಾತೆಗೇ ಹಾಕಲಿ, ಮತ್ತು ಅವನು ಎಲ್ಲಿ ಬೆಳೆದವನೆಂಬುದನ್ನು ಜೊತೆಗೆ ದುಡಿಯುವವರಿಗೆ ಹೇಳುವುದನ್ನು ಅವನಿಗೇ ಬಿಡಲಿ.